ನದಿ ಎಡವಿದಲ್ಲಿ ಒಂದು ಊರು

ಮಕ್ಕಳೇ, ಅಮೆರಿಕದ ಭೂಪಟ ಸಿಕ್ಕರೆ ಓಹಿಯೋ ನದಿಯ ಮೇಲೆ ಬೆರಳಿಟ್ಟು ಸಾಗಿ. ಪಿಟ್ಸ್‌ಬರ್ಗ್‌ನಲ್ಲಿ ಎರಡು ನದಿಗಳು ಕೂಡಿ ಹುಟ್ಟುವ ಈ ಹೊಳೆ ಸುಮಾರು 1,579 ಕಿ.ಮೀ. ಹರಿದು ಮಿಸಿಸಿಪ್ಪಿಯನ್ನು ಸೇರುತ್ತದೆ. ಇಷ್ಟು ದೂರದ ದಾರಿಯಲ್ಲಿ ದೊಡ್ಡ ಬಂಡೆ ಅಡ್ಡ ಬರುವುದು ಒಂದೇ ಕಡೆ. ಅಲ್ಲಿ ನದಿ ಎಡವಿ, ನೊರೆ ಎಬ್ಬಿಸುತ್ತ, ಸುಮಾರು ಮೂರು ಕಿ.ಮೀ. ಸಾಗುವಷ್ಟರಲ್ಲಿ 8 ಮೀಟರ್ ಕೆಳಗಿಳಿಯುತ್ತಿತ್ತು. ಆ ಜಾಗದಲ್ಲೇ ಬೆಳೆದದ್ದು ಕೆಂಟಕಿ ರಾಜ್ಯದ ಲೂಯಿವಿಲ್ ನಗರ.

ನೀರು ಅಲ್ಲಿ ಆಳವಿಲ್ಲದ್ದರಿಂದ ಕಾಡೆಮ್ಮೆಗಳ ಹಿಂಡು ಬಂಡೆಯ ಮೇಲೆ ಕಾಲಿಟ್ಟು ಹೊಳೆ ದಾಟುತ್ತಿತ್ತು. ದೋಣಿಯವರಿಗೆ ಮಾತ್ರ ಕಷ್ಟ. ಸಾಮಾನು ಇಳಿಸಬೇಕು, ದಡದಲ್ಲಿ ಹೊತ್ತು ಸಾಗಬೇಕು, ಕೆಳಗೆ ಮತ್ತೆ ತುಂಬಬೇಕು. ಹೀಗೆ ನಿಂತವರಿಗೆ ಊಟ ಬೇಕು, ಗೋದಾಮು ಬೇಕು, ಗಾಡಿ ಬೇಕು. ಊರು ಬೆಳೆಯಲು ಇನ್ನೇನು ಬೇಕು? 1778ರಲ್ಲಿ ಜಾರ್ಜ್ ರೋಜರ್ಸ್ ಕ್ಲಾರ್ಕ್ ಎಂಬ ಸೇನಾಧಿಕಾರಿಯ ಜೊತೆ ಬಂದ ಕೆಲವು ಕುಟುಂಬಗಳು ಇಲ್ಲಿ ನೆಲೆನಿಂತವು. ಫ್ರಾನ್ಸಿನ ದೊರೆ ಹದಿನಾರನೇ ಲೂಯಿಯ ಹೆಸರು ಊರಿಗೆ ಬಂತು.

1830ರಲ್ಲಿ ಬಂಡೆಯನ್ನು ಬಳಸಿ ಹೋಗುವ ಕಾಲುವೆ ತೆರೆಯಿತು. ಈಗ ಅಲ್ಲಿರುವುದು ಮಕಾಲ್ಪೈನ್ ಲಾಕ್. ಅದರ ಕೆಲಸ ನೋಡಿದಷ್ಟೂ ಸಾಲದು. ಎರಡೂ ತುದಿಗೆ ದೊಡ್ಡ ಬಾಗಿಲಿರುವ ಒಂದು ಉದ್ದನೆಯ ತೊಟ್ಟಿ ಎಂದುಕೊಳ್ಳಿ. ಕೆಳಗಿನಿಂದ ಬಂದ ಹಡಗು ಒಳಹೊಕ್ಕ ಕೂಡಲೇ ಹಿಂದಿನ ಬಾಗಿಲು ಮುಚ್ಚುತ್ತದೆ. ಮೇಲ್ಭಾಗದ ನದಿಯ ನೀರನ್ನು ತೂಬಿನಿಂದ ಒಳಗೆ ಬಿಡುತ್ತಾರೆ. ನೀರು ಏರಿದಂತೆ ಹಡಗೂ ಏರುತ್ತದೆ, ಸುಮಾರು 11 ಮೀಟರ್! ಮೂರಂತಸ್ತಿನ ಮನೆಯಷ್ಟು. ಇಷ್ಟು ಭಾರ ಎತ್ತಲು ಪಂಪೇ ಬೇಡ. ನೀರು ತಾನಾಗಿ ಇಳಿಜಾರಿಗೆ ಹರಿಯುತ್ತದಲ್ಲ, ಆ ಗುಣವೊಂದೇ ಸಾಕು.

ಇನ್ನು ಆ ಬಂಡೆಯ ಕಥೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು. ಸುಮಾರು 39 ಕೋಟಿ ವರ್ಷಗಳ ಹಿಂದೆ ಅಲ್ಲಿ ನದಿಯೂ ಇರಲಿಲ್ಲ, ಊರೂ ಇರಲಿಲ್ಲ. ಬೆಚ್ಚನೆಯ, ಆಳವಿಲ್ಲದ ಸಮುದ್ರವಿತ್ತು. ಡೈನೋಸಾರ್‌ಗಳು ಹುಟ್ಟಲು ಇನ್ನೂ ಹದಿನೈದು ಕೋಟಿ ವರ್ಷ ಬೇಕಿತ್ತು! ಆ ಸಮುದ್ರದ ತಳದಲ್ಲಿ ಹವಳದ ಜೀವಿಗಳು ಸುಣ್ಣದ ಗೂಡು ಕಟ್ಟಿಕೊಂಡಿದ್ದವು. ಸತ್ತ ಮೇಲೆ ಗೂಡುಗಳು ಕೆಸರಿನಡಿ ಹೂತು, ನಿಧಾನವಾಗಿ ಕಲ್ಲಾದವು. ಅವೇ ಪಳೆಯುಳಿಕೆಗಳು.

ಬೇಸಿಗೆಯ ಕೊನೆಗೆ ಹೊಳೆ ಇಳಿದಾಗ ಬಂಡೆ ಬಯಲಾಗುತ್ತದೆ. ಬೂದು ಬಣ್ಣದ ಆ ಕಲ್ಲಿನ ಮೇಲೆ ಒಂದಿಷ್ಟು ನೀರು ಚಿಮುಕಿಸಿದರೆ ಸಾಕು, ಮಸುಕಾಗಿದ್ದ ಗೆರೆಗಳು ಎದ್ದು ಕಾಣುತ್ತವೆ. ಒಂದು ಹವಳ ಆಡಿನ ಕೊಂಬಿನಂತೆ ಬಾಗಿದೆ. ಇನ್ನೊಂದರ ಮೈತುಂಬ ಜೇನುಗೂಡಿನಂಥ ಪುಟ್ಟ ಪುಟ್ಟ ಕೋಣೆಗಳು. ಒಂದೊಂದು ಕೋಣೆಯಲ್ಲೂ ಒಂದೊಂದು ಜೀವಿ ಬದುಕಿತ್ತು. ಬೆರಳಿಟ್ಟು ಮುಟ್ಟಬಹುದು, ಕಿತ್ತು ಒಯ್ಯುವಂತಿಲ್ಲ. ಅದು ಸಂರಕ್ಷಿತ ಉದ್ಯಾನ. ಹೊಳೆ ತುಂಬಿ ಬಂದಾಗ ಆ ಹವಳಗಳು ಮತ್ತೆ ನೀರಿನಡಿ ಮುಳುಗುತ್ತವೆ.