ಆರಾಧನೆಯ ಹಾನಿ



ಹಿರಿಯರಿಗೆ ತಲೆಬಾಗುವುದು ಒಳ್ಳೆಯ ಗುಣವೇ. ಆದರೆ ಮನುಷ್ಯನನ್ನು ದೇವರ ಪೀಠದಲ್ಲಿ ಕುಳ್ಳಿರಿಸಿದರೆ ನಷ್ಟವು ಮೊದಲು ತಟ್ಟುವುದು ಕುಳ್ಳಿರಿಸಿದವನಿಗೆ.

ಬೆಳಗಾವಿ ಜಿಲ್ಲೆಯ ಶಿರಗುಪ್ಪಿಯಿಂದ ಬಂದ ವಿದ್ಯಾರ್ಥಿಯೊಬ್ಬನು ನಮ್ಮ ತರಗತಿಯಲ್ಲಿದ್ದನು. ನಾವು ಆಡಿದುದೇ ಅವನಿಗೆ ಪ್ರಮಾಣ. ನಮ್ಮ ಅಕ್ಷರದ ಓರೆಯೂ ಅವನ ಕೈಗೆ ಬಂದಿದ್ದಿತು. ಅದು ನಮಗೆ ಹಿತವಾಗಿದ್ದಿತೆಂಬುದನ್ನು ಮರೆಮಾಚಲಾರೆವು. ಒಂದು ದಿನ ನಾವು ಹೇಳಿದ ಅರ್ಥವು ತಪ್ಪೆಂದು ಅವನ ಸಹಪಾಠಿಯು ನಿಘಂಟನ್ನು ತೆರೆದು ತೋರಿಸಿದನು. ನಾವು ಅವನನ್ನು ಗದರಿಸಿ ಕೂರಿಸಿದೆವು. ಶಿರಗುಪ್ಪಿಯ ಹುಡುಗನು ಎಲ್ಲವನ್ನೂ ನೋಡಿದನು. ಅಂದಿನಿಂದ ಅವನು ನಮ್ಮನ್ನು ಮಾತ್ರವಲ್ಲ, ಓದನ್ನೇ ಕಡೆಗಣಿಸಿದನು.

ಇದರ ಮರ್ಮವನ್ನು ಫ್ರಾಯ್ಡ್ ಪಂಡಿತನು 1921ರಲ್ಲಿ ವಿವರಿಸಿರುವನು. ನಮ್ಮೊಳಗಿನ ಆದರ್ಶದ ಸ್ಥಾನವನ್ನು ಬೇರೊಬ್ಬನು ಆಕ್ರಮಿಸಿದಾಗ ನಮ್ಮ ವಿಮರ್ಶಾಬುದ್ಧಿಯು ಮೂಕವಾಗುವುದು, ಸ್ವತ್ವವು ಬಡವಾಗುವುದು. ಹಾಗಾದ ಮೇಲೆ ಅವನು ಕುಸಿದರೆ ನಮಗೆ ನಿಲ್ಲಲು ನೆಲವೆಲ್ಲಿ?

ತರಗತಿಯ ಈ ಮಾತು ದೇಶಕ್ಕೂ ಸಲ್ಲುವುದು. ಅದೇ ಜಿಲ್ಲೆಯ ನಿಪ್ಪಾಣಿಯಲ್ಲಿ 1925ರಲ್ಲಿ ದಲಿತರ ಸಮ್ಮೇಳನ ನಡೆಸಿದ ಅಂಬೇಡ್ಕರರು, 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಕೆಯೊಂದನ್ನು ನೀಡಿದರು: ಧರ್ಮದಲ್ಲಿ ಭಕ್ತಿಯು ಮುಕ್ತಿಗೆ ದಾರಿಯಾಗಬಹುದು, ರಾಜಕಾರಣದಲ್ಲಿ ಅದು ಅಧಃಪತನಕ್ಕೂ ಕೊನೆಗೆ ಸರ್ವಾಧಿಕಾರಕ್ಕೂ ದಾರಿ.

ಗೌರವವು ದೋಷವನ್ನು ಕಂಡೂ ಉಳಿಯಬಲ್ಲದು, ಆರಾಧನೆಯು ಉಳಿಯಲಾರದು. ಪೂಜಿಸುವವನಿಗೆ ವಿವೇಕವು ಎಷ್ಟು ಅಗತ್ಯವೋ, ಪೂಜೆಗೊಳ್ಳುವವನಿಗೆ ಪೀಠದಿಂದ ತಾನಾಗಿ ಇಳಿಯುವ ಧೈರ್ಯವೂ ಅಷ್ಟೇ ಅಗತ್ಯ. 'ನಾವು ತಪ್ಪಿದೆವು' ಎಂಬ ಎರಡು ಪದಗಳನ್ನು ಅಂದು ಆಡಿದ್ದರೆ, ಆ ಹುಡುಗನು ಒಬ್ಬ ದೇವರನ್ನು ಕಳೆದುಕೊಂಡು ಒಬ್ಬ ಅಧ್ಯಾಪಕನನ್ನು ಪಡೆಯುತ್ತಿದ್ದನು.