ನೀತಿಕಥೆಯಲ್ಲಿ ವಿಡಂಬನ

 

ಶ್ರೀಮಠದ ಮಹೋತ್ಸವದಂತಹ ಮಂಗಳಸಮಯದಲ್ಲಿ ನಗೆಯ ವಿಚಾರವೇಕೆಂದು ಕೆಲವರಿಗೆ ತೋರಬಹುದು. ನವರಸಗಳಲ್ಲಿ ಹಾಸ್ಯಕ್ಕೂ ಒಂದು ಪೀಠವುಂಟು. ಬೈಗಳು ಕಿವಿಯನ್ನು ಮುಚ್ಚಿಸುತ್ತದೆ, ನಗೆಯು ತೆರೆಯಿಸುತ್ತದೆ. ಹಾಗೆ ತೆರೆದ ಕಿವಿಯಲ್ಲಿ ಸತ್ಯವನ್ನು ಹೇಳತಕ್ಕ ಉಪಾಯವೇ ವಿಡಂಬನವು.

ಮೃಗಪಕ್ಷಿಗಳ ನೆವದಿಂದ ಮನುಷ್ಯನಿಗೆ ಬುದ್ಧಿ ಹೇಳುವ ಕ್ರಮವು ಕನ್ನಡನಾಡಿಗೆ ಹೊಸದಲ್ಲ. ಚಾಳುಕ್ಯ ಜಯಸಿಂಹನಲ್ಲಿ ಸಂಧಿವಿಗ್ರಹಿಯಾಗಿದ್ದ ದುರ್ಗಸಿಂಹನು ಸುಮಾರು 1031ರಲ್ಲಿ, ವಸುಭಾಗಭಟ್ಟನ ಪಾಠವನ್ನು ಅನುಸರಿಸಿ, ಪಂಚತಂತ್ರವನ್ನು ಚಂಪೂರೂಪದಲ್ಲಿ ಕನ್ನಡಿಸಿದನು. ಒಂದನ್ನು ಹೇಳಿ ಇನ್ನೊಂದನ್ನು ತಿಳಿಸುವ ಮಾರ್ಗವನ್ನು ಆಲಂಕಾರಿಕರು ಅನ್ಯೋಕ್ತಿಯೆಂದರು. ಸ್ತುತಿಯ ವೇಷದಲ್ಲಿ ನಿಂದೆಯನ್ನೂ ನಿಂದೆಯ ವೇಷದಲ್ಲಿ ಸ್ತುತಿಯನ್ನೂ ತರುವುದನ್ನು ವ್ಯಾಜಸ್ತುತಿಯೆಂದರು. ಹಳೆಯ ಕಥೆಗಾರನು ಮುಖ್ಯವಾಗಿ ಮೊದಲನೆಯದನ್ನು ನಚ್ಚಿದನು. ಆಧುನಿಕ ಹಾಸ್ಯಕಾರನು ಎರಡನ್ನೂ ಹೆಣೆಯುತ್ತಾನೆ. ಆದುದರಿಂದಲೇ ಹಳೆಯ ಕಥೆಯ ಕೊನೆಯಲ್ಲಿ ಬರುವ ನೀತಿಯನ್ನು ನಂಬಬೇಕು; ಹೊಸ ಕಥೆಯ ನೀತಿಯನ್ನು ತಿರುಗಿಸಿ ನೋಡಬೇಕು.

ಇಂತಹ ಹೊಸ ಕಥೆಗಳಿಗೆ ಪ್ರಸಿದ್ಧನಾದವನು ಅಮೆರಿಕದ ಜೇಮ್ಸ್ ಥರ್ಬರ್ (1894–1961). ಬಾಲ್ಯದಲ್ಲಿ ಆಟದ ಬಾಣ ತಗುಲಿ ಒಂದು ಕಣ್ಣನ್ನು ಕಳೆದುಕೊಂಡು, ಕಡೆಗಾಲದಲ್ಲಿ ಬಹುಮಟ್ಟಿಗೆ ಅಂಧನಾದ ಈತನು 1940ರಲ್ಲಿಯೂ 1956ರಲ್ಲಿಯೂ ಎರಡು ಕಥಾಸಂಗ್ರಹಗಳನ್ನು ಪ್ರಕಟಿಸಿದನು. ಮೊದಲನೆಯದರ ಒಂದು ಕಥೆಯಲ್ಲಿ ತೋಳಗಳು ಭೂಕಂಪಕ್ಕೂ ಸಿಡಿಲಿಗೂ ನೆರೆಗೂ ಮೊಲಗಳೇ ಕಾರಣವೆಂದು ಸಾರುತ್ತವೆ. ಓಡಿಹೋಗಬೇಕೆಂದಿದ್ದ ಮೊಲಗಳಿಗೆ ಇತರ ಮೃಗಗಳು ದೂರದಲ್ಲಿ ನಿಂತು ಧೈರ್ಯೋಪದೇಶ ಮಾಡುತ್ತವೆ. ತೋಳಗಳು ರಕ್ಷಣೆಯ ನೆಪದಿಂದ ಮೊಲಗಳನ್ನು ಸೆರೆಯಲ್ಲಿಟ್ಟು, ತಿಂದು, ಕೇಳಬಂದವರಿಗೆ ಅದು ತಮ್ಮ ಒಳವಿಚಾರವೆಂದು ಉತ್ತರಿಸುತ್ತವೆ.

ಕಥೆಗಾರನು ಎಲ್ಲಿಯೂ ತೋಳವನ್ನು ಬಯ್ಯುವುದಿಲ್ಲ. ತೋಳದ ನ್ಯಾಯವನ್ನು ತೋಳದ ಬಾಯಿಂದಲೇ ಹೇಳಿಸಿ ಸುಮ್ಮನಾಗುತ್ತಾನೆ. ಆ ಮೌನವೇ ವಿಡಂಬನದ ಜೀವಾಳವು. ಓದುಗನು ತೋಳವನ್ನು ಕಂಡು ನಗುತ್ತಿರುವಾಗಲೇ, ದೂರದಲ್ಲಿ ನಿಂತು ಉಪದೇಶಿಸಿದ ಮೃಗಗಳಲ್ಲಿ ತಾನೂ ಒಂದಲ್ಲವೆ ಎಂಬ ಶಂಕೆಯು ಅವನಿಗೆ ಹುಟ್ಟುತ್ತದೆ. ಕನ್ನಡದಲ್ಲಿ ಬೀಚಿಯವರು (1913–1980) ಮೃಗದ ಬದಲಿಗೆ ತಿಂಮನೆಂಬ ಮುಗ್ಧನನ್ನು ಮುಂದಿಟ್ಟು, ಲೋಕದ ಜಾಣರನ್ನು ಇದೇ ರೀತಿಯಲ್ಲಿ ಬಯಲಿಗೆಳೆದರು.

ಈ ಕ್ರಮವು ಮನದಟ್ಟಾಗುವುದಕ್ಕೆ ಈ ಸೀಮೆಯ ಬೆಳೆಯನ್ನೇ ಹಿಡಿದು ಒಂದು ಕಲ್ಪಿತ ದೃಷ್ಟಾಂತವನ್ನು ಕೇಳಬಹುದು. ಮದ್ದೂರಿನ ಬಳಿಯ ಕಬ್ಬಿನ ಗದ್ದೆಯೊಂದರಲ್ಲಿ ನರಿಗಳು ಸಂರಕ್ಷಣಾ ಸಭೆಯನ್ನು ಸೇರಿಸಿದವಂತೆ. ಕಬ್ಬು ಕ್ಷಯಿಸುವುದಕ್ಕೆ ಇರುವೆಗಳೇ ಕಾರಣವೆಂದು ನಿರ್ಣಯಿಸಿ, ಹಗಲೆಲ್ಲ ಇರುವೆಗಳಿಗೆ ವೈರಾಗ್ಯವನ್ನು ಬೋಧಿಸಿ, ರಾತ್ರಿಯೆಲ್ಲ ತಾವೇ ಗದ್ದೆಯನ್ನು ಕಾದವಂತೆ. ಕಟಾವಿಗೆ ಬಂದ ರೈತನಿಗೆ ಸಿಪ್ಪೆ ಮಾತ್ರ ಕಂಡಿತು. ಆಗ ಮುದಿನರಿಯು ಗಂಭೀರವಾಗಿ, “ನೋಡಪ್ಪಾ, ಒಂದು ಇರುವೆಗೂ ಸಿಕ್ಕದಂತೆ ಕಾಪಾಡಿದ್ದೇವೆ” ಎಂದಿತು. ನೀತಿ: ಕಾವಲು ಬಿಗಿಯಾಗಿದ್ದರೆ ಕಬ್ಬಿನ ಚಿಂತೆಯೇ ಉಳಿಯುವುದಿಲ್ಲ.

ಕೇಳಿದವರು ನಗುತ್ತಾರೆ. ಆದರೆ ಆ ನರಿಯನ್ನು ಎಲ್ಲಿ ಹುಡುಕಬೇಕು? ನೆರೆಮನೆಯಲ್ಲಿ ಮಾತ್ರ ಹುಡುಕುವವನಿಗೆ ಕಥೆಯು ವಿನೋದವಾಯಿತು. ತನ್ನ ಮನೆಯಲ್ಲಿ ಹುಡುಕುವವನಿಗೆ ಅದು ಉಪದೇಶವಾಯಿತು. ಬಡವನನ್ನೂ ಅಂಗಹೀನನನ್ನೂ ಕಂಡು ನಗುವುದು ಹಾಸ್ಯವಲ್ಲ, ಕ್ರೌರ್ಯವು. ವಿಡಂಬನದ ಗುರಿ ಡಂಭವೊಂದೇ.

ಇದಕ್ಕೆ ಅತಿ ಸಮೀಪದ ಸಾಕ್ಷಿಯು ಈ ನೆಲದಲ್ಲಿಯೇ ಇದೆ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿಯ ಮಠವುಂಟು. ಆ ಪರಂಪರೆಯ ನೀಲಗಾರರು ತಂಬೂರಿ ಹಿಡಿದು ಹಾಡುವ ಕಾವ್ಯದಲ್ಲಿ ಸ್ವಾಮಿಯು ದುರ್ಗಂಧಮಯವಾದ ಹೀನವೇಷದಿಂದ ಕಲ್ಯಾಣದ ಬಾಗಿಲಿಗೆ ಬರುತ್ತಾನೆ. ಲಾಂಛನಗಳನ್ನು ಧರಿಸಿ ದಾಸೋಹದ ಪಂಕ್ತಿಗೆ ನೆರೆದ ಡಾಂಭಿಕರು ಅಸಹ್ಯಪಟ್ಟು ಓಡುತ್ತಾರೆ. ಬಸವಣ್ಣನವರು ಆ ಪರೀಕ್ಷೆಯಲ್ಲಿ ಬಾಗಿ ನಿಲ್ಲುತ್ತಾರೆ. ಹೀನವೇಷದವನು ಗುರುವಾದನು, ಗುರುವೇಷದವರು ಹೀನರಾದರು. ಇದು ಶರಣನಿಂದೆಯೆಂದು ಯಾರೂ ಮುನಿಯತಕ್ಕದ್ದಲ್ಲ. ವೇಷವನ್ನು ಜರೆದು ಶರಣತ್ವವನ್ನು ಎತ್ತಿಹಿಡಿದ ವ್ಯಾಜಸ್ತುತಿಯಿದು.

ಮಹೋತ್ಸವದ ದಿನ ಮಠವು ತನ್ನ ಸ್ತುತಿಯನ್ನು ಕೇಳುವುದು ಸಹಜ. ಅದೇ ದಿನ ಮಂಟೇಸ್ವಾಮಿಯ ಕಥೆಯನ್ನೂ ಕೇಳಬಲ್ಲ ಮಠವು ಹೆಚ್ಚು ಧನ್ಯವಾದುದು. ದಾಸೋಹದ ಬಾಗಿಲಲ್ಲಿ ನಿಂತವನ ಹಸಿವನ್ನು ಕೇಳದೆ ಅವನ ವೇಷವನ್ನು ಕೇಳುವ ದಿನವೇನಾದರೂ ಬಂದರೆ, ಕಬ್ಬಿನ ಗದ್ದೆಯ ಕಾವಲು ನರಿಗಳಿಗೆ ಸೇರಿತೆಂದೇ ತಿಳಿಯಬೇಕು. ಅಂತಹ ದಿನ ಬಾರದಂತೆ ಎಚ್ಚರಿಸುವ ನಗೆಯನ್ನು ಸದ್ಭಕ್ತರು ಗುರುಪ್ರಸಾದವೆಂದು ಸ್ವೀಕರಿಸಲಿ.

ಸರ್ವರಿಗೂ ಮಂಗಳವಾಗಲಿ. ಶಿವಾರ್ಪಣಮಸ್ತು.