ಹುಟ್ಟಿನ ಕೊರತೆಯೂ ಮಗುವಿನ ಬಾಳೂ



ಸಂತಾನವನ್ನು ಬೇಡಿ ಮಲೆ ಮಹದೇಶ್ವರನ ಬೆಟ್ಟವೇರಿ ಹರಕೆ ಹೊರುವವರು ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಅನೇಕರು. ಹಾಗೆ ಪಡೆದ ಕೂಸಿಗೆ ನೀರೆರೆಯುವಾಗ, ಮೂತ್ರದ್ವಾರವು ತನ್ನ ಸ್ಥಾನದಲ್ಲಿಲ್ಲವೆಂದೋ ವೃಷಣವು ಚೀಲಕ್ಕೆ ಇಳಿದಿಲ್ಲವೆಂದೋ ಕಂಡುಬಂದರೆ, "ಯಾರಿಗೂ ಹೇಳಬೇಡಿ" ಎಂಬ ಮಾತೇ ಮೊದಲು ಹೊರಡುತ್ತದೆ. ಮಗುವಿಗೆ ನಿಜವಾದ ಕೇಡು ಆ ಮಾತಿನಿಂದಲೇ ಆರಂಭವಾಗುತ್ತದೆ.

ಈ ಕೊರತೆಯು ಗ್ರಹಣದ ನೆರಳಿನಿಂದಾಗಲಿ ದೇವರ ಮುನಿಸಿನಿಂದಾಗಲಿ ಬಂದುದಲ್ಲ. ಗರ್ಭದಲ್ಲಿ ಅಂಗಗಳು ರೂಪುಗೊಳ್ಳುವಾಗ ಉಂಟಾಗುವಂಥದು. ಬಹುಪಾಲು ಸಂದರ್ಭಗಳಲ್ಲಿ ಇಂಥದೇ ಕಾರಣವೆಂದು ಹೇಳಲಾಗದು. ಆದಕಾರಣ ತಾಯಿಯನ್ನು ದೂಷಿಸುವುದು ಅನ್ಯಾಯ. ದಿನ ತುಂಬಿ ಹುಟ್ಟಿದ ನೂರು ಗಂಡುಮಕ್ಕಳಲ್ಲಿ ಸುಮಾರು 3 ಮಕ್ಕಳಿಗೆ ವೃಷಣ ಇಳಿದಿರುವುದಿಲ್ಲ. ಇನ್ನೂರು ಮುನ್ನೂರು ಗಂಡುಮಕ್ಕಳಲ್ಲಿ ಒಬ್ಬನಿಗೆ ಮೂತ್ರದ್ವಾರವು ಶಿಶ್ನದ ಕೆಳಬದಿಯಲ್ಲಿರುತ್ತದೆ. ನೀವು ಒಂಟಿಗರಲ್ಲ.

6 ತಿಂಗಳಾದರೂ ವೃಷಣ ಇಳಿಯದಿದ್ದರೆ ಒಂದೂವರೆ ವರ್ಷ ತುಂಬುವುದರೊಳಗೆ ಶಸ್ತ್ರಚಿಕಿತ್ಸೆ ಮಾಡಿಸತಕ್ಕದ್ದು. ತಡವಾದಷ್ಟೂ ಮುಂದೆ ಸಂತಾನಶಕ್ತಿಗೆ ಧಕ್ಕೆ. ಗಂತಿಯ ಭಯವೂ ಹೆಚ್ಚು. ಮೂತ್ರದ್ವಾರದ ಕೊರತೆಗೂ ಸಾಮಾನ್ಯವಾಗಿ ಇದೇ ವಯಸ್ಸು ತಕ್ಕುದು. ಅಂಥ ಮಗುವಿನ ಮುಂದೊಗಲನ್ನು ಮೊದಲೇ ಕತ್ತರಿಸಬಾರದು. ದುರಸ್ತಿಗೆ ಅದು ಬೇಕಾದೀತು. ಮೂತ್ರವು ತೊಟ್ಟಿಕ್ಕುತ್ತಿದ್ದರೆ, ಮೂತ್ರಕೋಶ ಹೊರಗೆ ತೆರೆದಿದ್ದರೆ, ಗಂಡೋ ಹೆಣ್ಣೋ ಎಂಬುದು ಸ್ಪಷ್ಟವಾಗದಿದ್ದರೆ ಒಂದು ದಿನವೂ ತಡಮಾಡದಿರಿ. ಹದಿನೈದು ತುಂಬಿದರೂ ಮುಟ್ಟಾಗದ ಹುಡುಗಿಗೂ, ಅದಕ್ಕೆ ಮೊದಲೇ ತಿಂಗಳು ತಿಂಗಳೂ ಕಿಬ್ಬೊಟ್ಟೆ ನೋಯುವವಳಿಗೂ ಪರೀಕ್ಷೆ ಅಗತ್ಯ.

ಹರಕೆಯನ್ನು ಸಲ್ಲಿಸಿರಿ; ಚಿಕಿತ್ಸೆಯನ್ನೂ ಮಾಡಿಸಿರಿ. ಒಂದು ಇನ್ನೊಂದಕ್ಕೆ ಅಡ್ಡಿಯಲ್ಲ. ಬೆಟ್ಟದ ಹಳ್ಳಿಯವರಾಗಲಿ, ಸೋಲಿಗರ ಪೋಡಿನವರಾಗಲಿ, ಮೊದಲು ಆಶಾ ಕಾರ್ಯಕರ್ತೆಗೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತಿಳಿಸಿರಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಿಗೆ ಬಂದು ಮಕ್ಕಳನ್ನು ಪರೀಕ್ಷಿಸುತ್ತವೆ. ಅವರಿಂದ ಏನನ್ನೂ ಮುಚ್ಚಿಡಬೇಡಿ. ಅಲ್ಲಿಂದ ಚಾಮರಾಜನಗರ, ಮೈಸೂರು, ಅಗತ್ಯವಾದರೆ ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗೆ ದಾರಿ ತೋರಿಸುವರು.

ಶಸ್ತ್ರಚಿಕಿತ್ಸೆಯಿಂದಲೇ ಎಲ್ಲವೂ ಮುಗಿಯದು. ಕೆಲವು ಮಕ್ಕಳಿಗೆ ಮೂತ್ರದ ಮೇಲೆ ಹಿಡಿತ ಪೂರ್ಣವಾಗಿ ಬಾರದು. ಅಂಥವರು ಶುಚಿಯಾದ ಸಣ್ಣ ನಳಿಕೆಯಿಂದ ವೇಳೆಗೆ ಸರಿಯಾಗಿ ಮೂತ್ರ ತೆಗೆಯುವುದನ್ನು ಕಲಿತು, ಒದ್ದೆಯಿಲ್ಲದೆ ಶಾಲೆಯಲ್ಲಿ ಕುಳಿತುಕೊಳ್ಳಬಲ್ಲರು. ಉಪಾಧ್ಯಾಯರೊಬ್ಬರಿಗೆ ಗುಟ್ಟಾಗಿ ತಿಳಿಸಿ, ಶೌಚಾಲಯಕ್ಕೆ ಹೋಗಲು ಅನುಮತಿ ಕೇಳಿರಿ. ಅಡ್ಡಹೆಸರಿಟ್ಟು ಕರೆಯಲು ಯಾರಿಗೂ ಎಡೆಗೊಡಬೇಡಿ.

ಮಗು ಬೆಳೆದಂತೆ ಅದರ ದೇಹದ ಸತ್ಯವನ್ನು ಹಂತಹಂತವಾಗಿ ಅದಕ್ಕೇ ಹೇಳಿರಿ. ಇಂಥವರಲ್ಲಿ ಅನೇಕರು ಮದುವೆಯಾಗಿ ಮಕ್ಕಳನ್ನು ಪಡೆದು ಬಾಳುತ್ತಾರೆ. ಗರ್ಭಕೋಶವಿಲ್ಲದೆ ಹುಟ್ಟಿದ ಹೆಣ್ಣೂ ಹೆಣ್ಣೇ. ಅಂಥವಳ ಮದುವೆಯ ಮಾತು ಬಂದಾಗ, ಆಕೆಯ ಒಪ್ಪಿಗೆಯಿಂದ ವರನಿಗೆ ಮುಂಚಿತವಾಗಿ ತಿಳಿಸುವುದು ಇಬ್ಬರಿಗೂ ಕ್ಷೇಮ.

ದಂಪತಿಗಳೇ, ನಾಳೆ ನೀರೆರೆಯುವಾಗ ಕೂಸನ್ನು ಗಮನವಿಟ್ಟು ನೋಡಿರಿ. ಸಂದೇಹ ಬಂದರೆ ತಂದೆ ತಾಯಿ ಇಬ್ಬರೂ ಕೂಡಿ ವೈದ್ಯರಲ್ಲಿಗೆ ನಡೆಯಿರಿ.